ಸಂಘದ ಲೆಕ್ಕ ಕ್ಲೌಡಿಗೆ ಹೋಗುವಾಗ ಸದಸ್ಯರು ಮಾಡಬೇಕಾದದ್ದು

(ದೊಡ್ಡನೆಕ್ಕುಂದಿಯಲ್ಲಿ ಹಾಲು ಉತ್ಪಾದಕ ಸದಸ್ಯರಿಗಾಗಿ ಏರ್ಪಡಿಸಿದ್ದ ತಿಳಿವಳಿಕೆ ಸಭೆಯಲ್ಲಿ ಒಕ್ಕೂಟದ ಪಶುವೈದ್ಯ ವಿಸ್ತರಣಾಧಿಕಾರಿಯವರು ಮಾಡಿದ ಭಾಷಣದ ಪಾಠ. ಸಭೆಗೆ ಬರಲಾಗದ ಸದಸ್ಯರ ಅನುಕೂಲಕ್ಕಾಗಿ ಇಲ್ಲಿ ಕೊಡಲಾಗಿದೆ.)



ಪಶುವೈದ್ಯರು ಮಾತಾಡುತ್ತಾರೆ ಎಂದ ಮೇಲೆ ಕೆಚ್ಚಲು ಬಾವಿನ ವಿಚಾರವೋ ಬೆದೆಗೆ ಬಾರದ ಹಸುವಿನ ವಿಚಾರವೋ ಬರುತ್ತದೆ ಎಂದು ನೀವು ಅಂದುಕೊಂಡಿದ್ದರೆ ಅದು ಸಹಜ. ಇಂದು ನನಗೆ ಕೊಟ್ಟಿರುವ ವಿಷಯ ಬೇರೆ. ಸಂಘದ ಹಳೆಯ ಕಂಪ್ಯೂಟರಿನಲ್ಲಿರುವ ಲೆಕ್ಕ, ದಾಖಲೆಗಳನ್ನು ಕ್ಲೌಡಿಗೆ ಸಾಗಿಸುವುದು ಮತ್ತು ಅದನ್ನು ನೋಡುವ ಪರದೆಯನ್ನು ಹೊಸ ರೂಪಕ್ಕೆ ತರುವುದು. ಇದು ಎಂಜಿನಿಯರುಗಳ ವಿಷಯ, ದನದ ಡಾಕ್ಟರಿಗೇನು ಕೆಲಸ ಎಂದು ನೀವು ಕೇಳಬಹುದು. ಕೆಲಸ ಇದೆ. ನಿಮ್ಮ ಕೊಟ್ಟಿಗೆಗೆ ಬಂದ ಕೂಡಲೇ ನಾನು ಕೇಳುವ ಮೊದಲ ಪ್ರಶ್ನೆ, ಯಾವತ್ತು ಕೊಡಿಸಿದ್ದು, ಎಷ್ಟನೇ ಸೂಲು, ಹೋದ ಸಾರಿ ಲಸಿಕೆ ಯಾವಾಗ ಎಂಬುದು. ಅದಕ್ಕೆ ಉತ್ತರ ಈಗ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಇಲ್ಲ, ಕಂಪ್ಯೂಟರಿನಲ್ಲಿದೆ. ಆ ಉತ್ತರ ತಪ್ಪಾದರೆ ನನ್ನ ಚಿಕಿತ್ಸೆಯೂ ತಪ್ಪುತ್ತದೆ.

ಈ ಮಾತನ್ನು ಆಡುವುದಕ್ಕೆ ದೊಡ್ಡನೆಕ್ಕುಂದಿಗಿಂತ ತಕ್ಕ ಊರು ಇಲ್ಲ. ಒಂದು ಕಡೆ ಕೈಗಾರಿಕಾ ಪ್ರದೇಶ, ಇನ್ನೊಂದು ಕಡೆ ಹೊರವರ್ತುಲ ರಸ್ತೆ, ಆಚೆಗೆ ವೈಟ್‌ಫೀಲ್ಡು. ಈ ಕಚೇರಿಗಳಲ್ಲಿ ಸಾವಿರಾರು ಹುಡುಗ ಹುಡುಗಿಯರು ಹಗಲೂ ರಾತ್ರಿ ಮಾಡುವ ಕೆಲಸಗಳಲ್ಲಿ ಇದೂ ಒಂದು: ಯಾವುದೋ ದೇಶದ ಕಂಪನಿಯ ಹಳೆಯ ಜಾಲತಾಣವನ್ನು ಹೊಸದು ಮಾಡುವುದು, ಅದರ ಲೆಕ್ಕವನ್ನು ಹಳೆಯ ಯಂತ್ರದಿಂದ ಕ್ಲೌಡಿಗೆ ಏರಿಸುವುದು. ನಿಮ್ಮ ಮನೆಯ ಮಕ್ಕಳೇ ಕೆಲವರು ಅದರಲ್ಲಿದ್ದಾರೆ. ಊರಿನ ಪಕ್ಕದಲ್ಲಿ ಪರದೇಶಕ್ಕಾಗಿ ನಡೆಯುತ್ತಿದ್ದ ಆ ಕೆಲಸ ಈಗ ನಮ್ಮ ಹಾಲಿನ ಸಂಘದ ಬಾಗಿಲಿಗೂ ಬಂದಿದೆ. ನಿಮ್ಮ ಸಂಘದಲ್ಲಿ ಇನ್ನೂ ಆಗಿಲ್ಲದಿದ್ದರೆ ನಾಳೆ ಆಗುತ್ತದೆ. ಆಗ ಏನು ನೋಡಬೇಕು, ಏನು ಕೇಳಬೇಕು ಎಂಬುದನ್ನು ತಿಳಿದಿದ್ದರೆ ನಷ್ಟವಾಗುವುದಿಲ್ಲ.

ಕ್ಲೌಡ್ ಎಂದರೇನು?

ಕ್ಲೌಡ್ ಎಂದರೆ ಇಂಗ್ಲಿಷಿನಲ್ಲಿ ಮೋಡ. ಹೆಸರು ಕೇಳಿ ಲೆಕ್ಕ ಆಕಾಶಕ್ಕೆ ಹೋಗುತ್ತದೆ ಎಂದು ತಿಳಿಯಬೇಡಿ. ಅದು ನೆಲದ ಮೇಲೆಯೇ ಇರುತ್ತದೆ. ಇದನ್ನು ತಿಳಿಯಲು ನಿಮಗೆ ಗೊತ್ತಿರುವ ಬಿ.ಎಂ.ಸಿ.ಯನ್ನೇ ನೆನೆಯಿರಿ.

ಹಿಂದೆ ಪ್ರತಿ ಸಂಘವೂ ಹಾಲನ್ನು ಕ್ಯಾನಿಗೆ ತುಂಬಿ ರಸ್ತೆಯ ಬದಿಗೆ ಇಟ್ಟು ಲಾರಿಗೆ ಕಾಯುತ್ತಿತ್ತು. ಲಾರಿ ತಡವಾದರೆ ಹಾಲು ಹುಳಿಯುತ್ತಿತ್ತು. ಒಂದೊಂದು ಸಂಘವೂ ತನ್ನದೇ ತಂಪು ಯಂತ್ರ, ಜನರೇಟರು, ಮೆಕ್ಯಾನಿಕ್ಕು ಇಟ್ಟುಕೊಳ್ಳುವುದು ಸಾಧ್ಯವಿರಲಿಲ್ಲ. ಬಿ.ಎಂ.ಸಿ. ಬಂದ ಮೇಲೆ ನಾಲ್ಕಾರು ಹಳ್ಳಿಯ ಹಾಲು ಒಂದೇ ತೊಟ್ಟಿಗೆ ಸೇರಿ ನಾಲ್ಕು ಡಿಗ್ರಿಗೆ ತಂಪಾಗುತ್ತದೆ. ಜನರೇಟರು ಒಂದು, ನೋಡಿಕೊಳ್ಳುವವರು ಒಬ್ಬರು, ಖರ್ಚು ಹಂಚಿಕೆ.

ಕ್ಲೌಡ್ ಎಂಬುದೂ ಇಂಥದೇ ಏರ್ಪಾಡು. ಪ್ರತಿ ಸಂಘವೂ ತನ್ನ ಕೋಣೆಯ ಮೂಲೆಯ ಕಂಪ್ಯೂಟರಿನಲ್ಲಿ ಲೆಕ್ಕ ಇಡುವ ಬದಲು, ಸಾವಿರಾರು ಸಂಸ್ಥೆಗಳ ಲೆಕ್ಕವನ್ನು ಒಂದು ದೊಡ್ಡ ಕಟ್ಟಡದ ಯಂತ್ರಗಳಲ್ಲಿ ಇಡುತ್ತಾರೆ. ಅಲ್ಲಿ ಹಗಲೂ ರಾತ್ರಿ ವಿದ್ಯುತ್ತು, ತಂಪು, ಕಾವಲು ಇರುತ್ತದೆ. ನಾವು ಫೋನಿನ ಸಂಪರ್ಕದ ಮೂಲಕ ನೋಡುತ್ತೇವೆ, ಬಳಸಿದಷ್ಟಕ್ಕೆ ಬಾಡಿಗೆ ಕೊಡುತ್ತೇವೆ. ಅಮೆಜಾನ್ ಕಂಪನಿ ಇಂಥ ಕೇಂದ್ರಗಳನ್ನು 2016ರಲ್ಲಿ ಮುಂಬೈಯಲ್ಲಿ, 2022ರಲ್ಲಿ ಹೈದರಾಬಾದಿನಲ್ಲಿ ತೆರೆಯಿತು. ಗೂಗಲ್ 2017ರಲ್ಲಿ ಮುಂಬೈಗೆ ಬಂತು. ಸರ್ಕಾರಿ ಇಲಾಖೆಗಳಿಗಾಗಿ ಕೇಂದ್ರ ಸರ್ಕಾರ 2014ರಲ್ಲಿ ಆರಂಭಿಸಿದ ಕ್ಲೌಡಿಗೆ ‘ಮೇಘರಾಜ್’ ಎಂದು ಹೆಸರಿಟ್ಟಿದ್ದಾರೆ. ಅಂದರೆ ದೊಡ್ಡನೆಕ್ಕುಂದಿಯ ಪಕ್ಕದಲ್ಲಿ ಕೂತು ಕೆಲಸ ಮಾಡುವ ಎಂಜಿನಿಯರ ಲೆಕ್ಕದ ಯಂತ್ರ ಮುಂಬೈಯಲ್ಲೋ ಹೈದರಾಬಾದಿನಲ್ಲೋ ಇರಬಹುದು.

ಯಾಕೆ ಸಾಗಿಸಬೇಕು?

ಈಗ ಇರುವುದರಲ್ಲಿ ತೊಂದರೆ ಏನು ಎಂದು ಕೇಳುವವರಿದ್ದಾರೆ. ಸಂಘದ ಕಂಪ್ಯೂಟರನ್ನು ಒಮ್ಮೆ ಹೋಗಿ ನೋಡಿ. ಯು.ಪಿ.ಎಸ್. ಬ್ಯಾಟರಿ ಸತ್ತಿರುತ್ತದೆ. ವೈರನ್ನು ಇಲಿ ಕಡಿದಿರುತ್ತದೆ. ಸಿಡಿಲಿನ ಕಾಲದಲ್ಲಿ ಒಂದು ಸಾರಿ ಸುಟ್ಟರೆ ಹತ್ತು ವರ್ಷದ ಲೆಕ್ಕ ಹೋಗುತ್ತದೆ. ಪ್ರತಿ ಎಲ್ಲಿದೆ ಎಂದರೆ ಮೇಜಿನ ಡ್ರಾಯರಿನ ಪೆನ್‌ಡ್ರೈವಿನಲ್ಲಿದೆ ಎನ್ನುತ್ತಾರೆ. ಮನೆಗೆ ಬೆಂಕಿ ಬಿದ್ದರೆ ಮೇಜೂ ಸುಡುತ್ತದೆ, ಡ್ರಾಯರೂ ಸುಡುತ್ತದೆ. ಇದರ ಜೊತೆಗೆ ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ತಯಾರಕರ ಸಾಮಾನ್ಯ ಬೆಂಬಲ ನಿಂತಿದೆ. ಬೆಂಬಲ ನಿಂತ ಕಂಪ್ಯೂಟರು ಲಸಿಕೆ ನಿಲ್ಲಿಸಿದ ಹಸುವಿನಂತೆ. ನೋಡಲು ಚೆನ್ನಾಗಿಯೇ ಇರುತ್ತದೆ, ರೋಗ ಬಂದ ದಿನ ಮಾತ್ರ ಗೊತ್ತಾಗುತ್ತದೆ.

ಆದ್ದರಿಂದ ಬದಲಾವಣೆ ಬೇಕು. ಇದು ಹಾಲಿನ ಸಂಘಗಳಿಗೆ ಮಾತ್ರ ಬಂದದ್ದೂ ಅಲ್ಲ. ನಿಮ್ಮಲ್ಲಿ ಅನೇಕರು ವ್ಯವಸಾಯ ಸೇವಾ ಸಹಕಾರ ಸಂಘದ ಸದಸ್ಯರೂ ಆಗಿದ್ದೀರಿ. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳನ್ನು ಗಣಕೀಕರಿಸಿ ಒಂದೇ ಕ್ಲೌಡ್ ತಂತ್ರಾಂಶಕ್ಕೆ ತರುವ ಯೋಜನೆಗೆ ಕೇಂದ್ರ ಸಚಿವ ಸಂಪುಟ 2022ರ ಜೂನಿನಲ್ಲಿ ಒಪ್ಪಿಗೆ ಕೊಟ್ಟಿತು. ಮೊತ್ತ 2,516 ಕೋಟಿ ರೂಪಾಯಿ. ಹಾಲಿನ ಸಂಘಗಳಿಗಾಗಿ ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿಯೂ ಸ್ವಯಂಚಾಲಿತ ಹಾಲು ಸಂಗ್ರಹಣಾ ತಂತ್ರಾಂಶವೊಂದನ್ನು ರೂಪಿಸಿದೆ.

ನಿಮ್ಮ ಹಸುಗಳ ದಾಖಲೆಯಂತೂ ಆಗಲೇ ಒಂದು ಸಾರಿ ಮನೆ ಬದಲಿಸಿದೆ. ಕಿವಿಯೋಲೆಯ 12 ಅಂಕಿಗಳ ಸಂಖ್ಯೆ, ಗರ್ಭಧಾರಣೆ, ಲಸಿಕೆ ಇವೆಲ್ಲ ಮೊದಲು ‘ಇನಾಫ್’ ಎಂಬ ತಂತ್ರಾಂಶದಲ್ಲಿದ್ದವು. ಈಗ ಅವು ‘ಭಾರತ್ ಪಶುಧನ್’ ಎಂಬ ಹೊಸ ವ್ಯವಸ್ಥೆಗೆ ಸೇರಿವೆ. ನಿಮ್ಮ ಹಸುವಿನ ವಿವರ ಹೊಸ ಮನೆಯಲ್ಲಿ ಸರಿಯಾಗಿ ಕೂತಿದೆಯೇ ಎಂದು ನಿಮ್ಮಲ್ಲಿ ಎಷ್ಟು ಮಂದಿ ನೋಡಿದ್ದೀರಿ? ನನ್ನ ಇಂದಿನ ಮಾತಿನ ಸಾರ ಇದರಲ್ಲಿದೆ.

ಪಹಣಿ ಕಲಿಸಿದ ಪಾಠ

ಲೆಕ್ಕ ಮನೆ ಬದಲಿಸಿದಾಗ ಏನಾಗುತ್ತದೆ ಎಂಬುದನ್ನು ನಮ್ಮ ರಾಜ್ಯದ ರೈತರು ಇಪ್ಪತ್ತೈದು ವರ್ಷಗಳ ಹಿಂದೆಯೇ ಕಂಡಿದ್ದಾರೆ. 2000ದ ಸುಮಾರಿಗೆ ‘ಭೂಮಿ’ ಯೋಜನೆ ಬಂತು. ಶ್ಯಾನುಭೋಗರ ಕಾಲದಿಂದ ಕೈಬರಹದಲ್ಲಿದ್ದ ಸುಮಾರು ಎರಡು ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ಮೊದಲು ತಾಲ್ಲೂಕು ಕಚೇರಿಯ ಯಂತ್ರದಲ್ಲಿದ್ದ ದಾಖಲೆ ಮುಂದೆ ರಾಜ್ಯ ಮಟ್ಟದ ಕೇಂದ್ರಕ್ಕೆ ಸೇರಿತು. ಇಂದು ಮನೆಯಲ್ಲಿ ಕೂತು ಫೋನಿನಲ್ಲಿ ಪಹಣಿ ನೋಡಬಹುದು. ಇದು ದೊಡ್ಡ ಉಪಕಾರ, ಇದನ್ನು ಯಾರೂ ಅಲ್ಲಗಳೆಯುವಂತಿಲ್ಲ.

ಆದರೆ ಕೈಬರಹದಲ್ಲಿದ್ದ ತಪ್ಪು ಕಂಪ್ಯೂಟರಿಗೂ ಹೋಯಿತು. ಟೈಪು ಮಾಡುವಾಗ ಹೊಸ ತಪ್ಪುಗಳೂ ಸೇರಿದವು. ಗುಂಟೆ ಹೆಚ್ಚು ಕಡಿಮೆ, ಅಪ್ಪನ ಹೆಸರು ಬೇರೆ, ಸರ್ವೆ ನಂಬರಿನ ಉಪಸಂಖ್ಯೆ ಬೇರೆ. ಆಗಲೇ ನೋಡಿ ತಿದ್ದಿಸಿದವರಿಗೆ ಕೆಲಸ ಸುಲಭವಾಯಿತು. ಎಷ್ಟೋ ವರ್ಷದ ಮೇಲೆ ಮಾರುವಾಗಲೋ ಭಾಗ ಮಾಡುವಾಗಲೋ ನೋಡಿದವರು ಪಹಣಿ ತಿದ್ದುಪಡಿಗಾಗಿ ಎಷ್ಟು ಅಲೆದರು ಎಂಬುದನ್ನು ನಾನು ನಿಮಗೆ ಹೇಳಬೇಕಾಗಿಲ್ಲ. ಕಂಪ್ಯೂಟರು ಸುಳ್ಳು ಹೇಳುವುದಿಲ್ಲ ಎನ್ನುತ್ತಾರೆ. ಅದು ಕೊಟ್ಟದ್ದನ್ನು ಮಾತ್ರ ಹೇಳುತ್ತದೆ. ಸುಳ್ಳು ಕೊಟ್ಟರೆ ಅದನ್ನೇ ಅಚ್ಚುಕಟ್ಟಾಗಿ ಮುದ್ರಿಸಿ ಕೊಡುತ್ತದೆ.

ಹೊಸ ರೂಪ: ಕೊಂಬಿನ ಬಣ್ಣ ನೋಡಿ ಮಾರುಹೋಗಬೇಡಿ

ಈ ಬದಲಾವಣೆಯಲ್ಲಿ ಎರಡು ಕೆಲಸ ಸೇರಿವೆ. ಒಂದು, ಲೆಕ್ಕವನ್ನು ಬೇರೆ ಕಡೆಗೆ ಸಾಗಿಸುವುದು. ಇನ್ನೊಂದು, ಅದನ್ನು ನೋಡುವ ಪುಟದ ರೂಪ ಬದಲಿಸುವುದು. ಎಂಜಿನಿಯರುಗಳು ಈ ರೂಪಕ್ಕೆ ‘ಥೀಮ್’ ಎನ್ನುತ್ತಾರೆ. ಬಣ್ಣ, ಅಕ್ಷರದ ಗಾತ್ರ, ಚಿತ್ರ, ಗುಂಡಿಗಳ ಜಾಗ ಇವೆಲ್ಲ ಅದರಲ್ಲಿ ಬರುತ್ತವೆ. ಥೀಮ್ ಬದಲಿಸುವುದು ಒಂದು ವಾರದ ಕೆಲಸವಿದ್ದೀತು. ನೋಡಿದವರು ಭೇಷ್ ಎನ್ನುತ್ತಾರೆ. ಹೀಗಾಗಿ ಅನೇಕ ಕಡೆ ಇದಕ್ಕೇ ಮೊದಲು ಕೈ ಹಾಕುತ್ತಾರೆ.

ದನದ ಜಾತ್ರೆಯಲ್ಲಿ ಕೊಂಬು ಹೆರೆದು, ಬಣ್ಣ ಹಚ್ಚಿ, ಕುಚ್ಚು ಕಟ್ಟಿ ನಿಲ್ಲಿಸಿರುತ್ತಾರೆ. ತಿಳಿದವನು ಕೊಂಬು ನೋಡಿ ಬೆಲೆ ಕಟ್ಟುವುದಿಲ್ಲ. ಬಾಯಿ ತೆಗೆಸಿ ಹಲ್ಲು ನೋಡುತ್ತಾನೆ, ನಡೆಸಿ ಕಾಲು ನೋಡುತ್ತಾನೆ, ಕರೆಯಿಸಿ ಹಾಲು ನೋಡುತ್ತಾನೆ. ಹೊಸ ಪುಟವನ್ನೂ ನೀವು ಹಾಗೆಯೇ ಪರೀಕ್ಷಿಸಬೇಕು. ಪರೀಕ್ಷೆ ಇಷ್ಟೇ:

1. ನಿಮ್ಮ ಮನೆಯ ಹಳೆಯ, ಕಡಿಮೆ ಬೆಲೆಯ ಫೋನಿನಲ್ಲಿ ತೆರೆಯುತ್ತದೆಯೇ? ಕೊಟ್ಟಿಗೆಯಲ್ಲಿ ಸಿಗ್ನಲ್ ಕಡಿಮೆ ಇರುವಾಗಲೂ ಬರುತ್ತದೆಯೇ?

2. ಕನ್ನಡದಲ್ಲಿ ಇದೆಯೇ? ಕನ್ನಡಕವಿಲ್ಲದೆ ಓದುವಷ್ಟು ಅಕ್ಷರ ದೊಡ್ಡದಿದೆಯೇ?

3. ಇವತ್ತು ಬೆಳಗಿನ ಹಾಲಿನ ಲೀಟರು, ಫ್ಯಾಟು, ಎಸ್.ಎನ್.ಎಫ್., ದರ, ಮೊತ್ತ ಈ ಐದೂ ಮೊದಲ ಪುಟದಲ್ಲೇ ಕಾಣುತ್ತವೆಯೇ, ಅಥವಾ ಹತ್ತು ಕಡೆ ಒತ್ತಬೇಕೇ?

4. ಸ್ಮಾರ್ಟ್ ಫೋನ್ ಇಲ್ಲದ ಸದಸ್ಯರಿಗೆ ಎಸ್.ಎಂ.ಎಸ್. ಅಥವಾ ಕಾಗದದ ಚೀಟಿ ಮುಂದುವರಿಯುತ್ತದೆಯೇ?

ಇವು ನಾಲ್ಕೂ ಇದ್ದರೆ ಬಣ್ಣ ಹಸಿರಾದರೇನು, ನೀಲಿಯಾದರೇನು? ಇವಿಲ್ಲದೆ ಹಸುವಿನ ಅಂದದ ಚಿತ್ರ ಮಾತ್ರ ಇದ್ದರೆ ಅದರಿಂದ ನಿಮಗೆ ಒಂದು ಲೋಟ ಹಾಲೂ ಹೆಚ್ಚಾಗುವುದಿಲ್ಲ.

ಕನ್ನಡ ಅಕ್ಷರದ ವಿಚಾರವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸಂಘಗಳಲ್ಲಿ ಅನೇಕ ವರ್ಷ ಸದಸ್ಯರ ಪಟ್ಟಿಯನ್ನು ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಗಳಲ್ಲಿ ಟೈಪು ಮಾಡಿದ್ದಾರೆ. ಆ ಪದ್ಧತಿಯಲ್ಲಿ ಯಂತ್ರದ ಒಳಗೆ ಇರುವುದು ಇಂಗ್ಲಿಷ್ ಅಕ್ಷರ, ಮೇಲೆ ಕಾಣುವುದು ಕನ್ನಡದ ಆಕಾರ. ಆ ಅಕ್ಷರದ ಕಡತ ಇಲ್ಲದ ಫೋನಿನಲ್ಲಿ ಅದು ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. ಈಗಿನ ಎಲ್ಲ ಫೋನುಗಳು ಓದುವುದು ಯೂನಿಕೋಡ್ ಪದ್ಧತಿಯ ಕನ್ನಡವನ್ನು. ಹಳೆಯದನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳಿವೆ. ಆದರೆ ಪರಿವರ್ತನೆಯಲ್ಲಿ ಒತ್ತಕ್ಷರ, ಅರ್ಕಾವತ್ತು ಇರುವ ಹೆಸರುಗಳು ಕೆಡುವ ಸಂಭವವಿದೆ. ಹೆಸರು ಕೆಟ್ಟರೆ ಆಧಾರ್ ಹೆಸರಿಗೆ ತಾಳೆಯಾಗುವುದಿಲ್ಲ. ತಾಳೆಯಾಗದಿದ್ದರೆ ಹಣ ತಡೆಯುತ್ತದೆ.

ಸಾಗಿಸುವಾಗ ಏನೇನು ತಪ್ಪಬಹುದು?

ಹಸುಗಳನ್ನು ಹಳೆಯ ಕೊಟ್ಟಿಗೆಯಿಂದ ಹೊಸ ಕೊಟ್ಟಿಗೆಗೆ ಹೊಡೆದುಕೊಂಡು ಹೋಗುವಾಗ ಎಣಿಸಿ ಬಿಡುತ್ತೇವೆ, ಎಣಿಸಿ ಕಟ್ಟುತ್ತೇವೆ. ಲೆಕ್ಕವನ್ನು ಸಾಗಿಸುವಾಗಲೂ ಎಣಿಸಬೇಕು. ಎಣಿಕೆ ಸರಿಬಂದ ಮೇಲೂ ಯಾವ ಹಸು ಯಾವ ಗೂಟದಲ್ಲಿದೆ ಎಂದು ನೋಡಬೇಕು. ಕಂಪ್ಯೂಟರಿನ ಲೆಕ್ಕದಲ್ಲಿ ಸಾಮಾನ್ಯವಾಗಿ ತಪ್ಪುವ ನಾಲ್ಕು ಜಾಗಗಳನ್ನು ಹೇಳುತ್ತೇನೆ.

ಮೊದಲನೆಯದು ತಾರೀಖು. ನಾವು ದಿನ ಮೊದಲು, ತಿಂಗಳು ಆಮೇಲೆ ಬರೆಯುತ್ತೇವೆ. ಅಮೆರಿಕದ ಪದ್ಧತಿಯಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಹಾಕುವಾಗ ಇದು ಅದಲುಬದಲಾಗುತ್ತದೆ. ನೀವು ಹಸುವಿಗೆ ಜೂನ್ 10ರಂದು ಕೊಡಿಸಿದ್ದೀರಿ ಎನ್ನೋಣ. ದಾಖಲೆಯಲ್ಲಿ 10-06 ಎಂದಿರುತ್ತದೆ. ಅದನ್ನು ಹೊಸ ಯಂತ್ರ ಅಕ್ಟೋಬರ್ 6 ಎಂದು ಓದಿಕೊಂಡರೆ 118 ದಿನ ವ್ಯತ್ಯಾಸ ಬಂತು. ಗಬ್ಬದ ಅವಧಿ ಸುಮಾರು 280 ದಿನ ಎಂದು ಹಿಡಿದರೆ ಹಸು ನಿಜವಾಗಿ ಈಯುವುದು ಮಾರ್ಚ್ 17ರ ಸುಮಾರಿಗೆ. ಎರಡು ತಿಂಗಳು ಮೊದಲು, ಅಂದರೆ ಜನವರಿ 16ರ ಸುಮಾರಿಗೆ ಹಾಲು ಬತ್ತಿಸಬೇಕು. ಹೊಸ ಪರದೆ ಮಾತ್ರ ಈಯುವುದು ಜುಲೈ 13, ಬತ್ತಿಸುವುದು ಮೇ 14 ಎಂದು ತೋರಿಸುತ್ತದೆ. ಅದನ್ನು ನಂಬಿ ಕರೆಯುತ್ತ ಹೋದರೆ ಹಸು ವಿಶ್ರಾಂತಿಯಿಲ್ಲದೆ ಈಯುತ್ತದೆ. ಗಿಣ್ಣಿನ ಹಾಲು ಸೊರಗುತ್ತದೆ, ಕರು ಬಡವಾಗುತ್ತದೆ, ಮುಂದಿನ ಸೂಲಿನ ಹಾಲು ಇಳಿಯುತ್ತದೆ. ಒಂದು ತಾರೀಖು ತಿರುಗಿದ್ದಕ್ಕೆ ಒಂದು ಸೂಲಿನ ಫಸಲು ಹೋಯಿತು. 13ರಿಂದ ಮುಂದಿನ ದಿನಗಳಲ್ಲಿ ಈ ತಪ್ಪು ಆಗುವುದಿಲ್ಲ, ಯಾಕೆಂದರೆ ಹದಿಮೂರನೆಯ ತಿಂಗಳು ಇಲ್ಲ. ಆದ್ದರಿಂದ ತಿಂಗಳ ಮೊದಲ 12 ದಿನಗಳಲ್ಲಿ ಕೊಡಿಸಿದ ಹಸುಗಳ ದಾಖಲೆಯನ್ನು ತಪ್ಪದೆ ನೋಡಿ.

ಎರಡನೆಯದು ಉದ್ದವಾದ ಸಂಖ್ಯೆಗಳು. ಪಟ್ಟಿಯನ್ನು ಎಕ್ಸೆಲ್ ಹಾಳೆಯಲ್ಲಿ ತೆರೆದಾಗ ಸದಸ್ಯ ಸಂಖ್ಯೆ 007 ಎಂಬುದು ಬರೀ 7 ಆಗುತ್ತದೆ. ಸೊನ್ನೆಯಿಂದ ಆರಂಭವಾಗುವ ಬ್ಯಾಂಕ್ ಖಾತೆಯ ಸೊನ್ನೆ ಬಿದ್ದುಹೋಗುತ್ತದೆ. 15 ಅಂಕಿಗಿಂತ ಉದ್ದದ ಖಾತೆ ಸಂಖ್ಯೆಯಾದರೆ ಹದಿನಾರನೆಯ ಅಂಕಿಯಿಂದಾಚೆ ಸೊನ್ನೆಯಾಗುತ್ತದೆ. ಕಿವಿಯೋಲೆಯ 12 ಅಂಕಿಗಳೂ ಪೂರ್ತಿ ಕಾಣದೆ ಮೊಟಕಾಗಿ ತೋರುತ್ತವೆ. ಈ ಅಂಕಣಗಳನ್ನು ಸಂಖ್ಯೆಯಾಗಿ ಅಲ್ಲ, ಅಕ್ಷರವಾಗಿ ಇಡಬೇಕು ಎಂದು ಕಾರ್ಯದರ್ಶಿಗಳು ಎಂಜಿನಿಯರಿಗೆ ಮೊದಲೇ ಹೇಳಿರಬೇಕು.

ಮೂರನೆಯದು ಒಂದೇ ಹೆಸರಿನ ಸದಸ್ಯರು. ಒಂದೇ ಊರಿನಲ್ಲಿ ನಾಲ್ಕು ಮಂದಿ ಮುನಿಯಪ್ಪ, ಮೂರು ಮಂದಿ ಲಕ್ಷ್ಮಮ್ಮ ಇರುವುದು ನಮ್ಮ ಕಡೆ ಸಾಮಾನ್ಯ. ಹೆಸರಿನ ಮೇಲೆ ಲೆಕ್ಕ ಸೇರಿಸಿದರೆ ಒಬ್ಬರದು ಇನ್ನೊಬ್ಬರಿಗೆ ಹೋಗುತ್ತದೆ. ದಿನಕ್ಕೆ 12 ಲೀಟರು ಹಾಕುವ ಸದಸ್ಯರಿಗೆ 15 ದಿನದ ಬಟವಾಡೆಯಲ್ಲಿ 180 ಲೀಟರಾಯಿತು. ರಾಜ್ಯ ಸರ್ಕಾರದ ಪ್ರೋತ್ಸಾಹಧನ 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಆರಂಭವಾಗಿ 2013ರಲ್ಲಿ 4 ರೂಪಾಯಿ, 2016ರಲ್ಲಿ 5 ರೂಪಾಯಿ ಆಯಿತು. ಲೀಟರಿಗೆ 5 ರೂಪಾಯಿಯಂತೆ ಆ ಒಂದು ಬಟವಾಡೆಗೇ 900 ರೂಪಾಯಿ, ಹಾಲಿನ ಬೆಲೆ ಬೇರೆ. ಖಾತೆಗೆ ನೇರವಾಗಿ ಹೋಗುವ ಹಣವಾದ್ದರಿಂದ ತಪ್ಪು ಖಾತೆಗೆ ಹೋದರೆ ತಿರುಗಿ ತರುವುದು ಸುಲಭವಲ್ಲ.

ನಾಲ್ಕನೆಯದು ಹಳೆಯ ಇತಿಹಾಸ. ಈ ವರ್ಷದ ಲೆಕ್ಕ ಸಾಕು, ಹಳೆಯದು ಯಾಕೆ ಎಂದು ಬಿಟ್ಟುಬಿಡುವುದುಂಟು. ಹಾಲಿನ ಲೆಕ್ಕದಲ್ಲಿ ಹಾಗೆ ಮಾಡಿದರೂ ಹಸುವಿನ ಲೆಕ್ಕದಲ್ಲಿ ಮಾಡಬಾರದು. ಕಂದುರೋಗದ ಲಸಿಕೆಯನ್ನು ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುವಿಗೆ ಜೀವಮಾನದಲ್ಲಿ ಒಮ್ಮೆ ಮಾತ್ರ ಹಾಕುತ್ತೇವೆ. ದಾಖಲೆ ಹೋದರೆ ಹಾಕಿದೆಯೋ ಇಲ್ಲವೋ ಎಂಬುದೇ ತಿಳಿಯದು. ದೊಡ್ಡದಾದ ಮೇಲೆ, ಅದರಲ್ಲೂ ಗಬ್ಬದ ಹಸುವಿಗೆ, ಆ ಲಸಿಕೆ ಹಾಕುವಂತಿಲ್ಲ. ಇನ್ನು ವೀರ್ಯ ನಳಿಕೆಯ ಮೇಲೆ ಹೋರಿಯ ಸಂಖ್ಯೆ ಇರುತ್ತದೆ. ತಾಯಿಗೆ ಕೊಟ್ಟ ಹೋರಿ ಯಾವುದು ಎಂಬುದು ಅಳಿದರೆ, ಅದರ ಮಗಳಾದ ಪಡ್ಡೆಗೆ ಅದೇ ಹೋರಿಯದನ್ನೇ ಕೊಟ್ಟುಬಿಡುವ ಅಪಾಯವಿದೆ. ಒಳಸಂಬಂಧದ ಕರು ಬಡವಾಗಿ ಹುಟ್ಟುತ್ತದೆ, ಹಾಲೂ ಕುಗ್ಗುತ್ತದೆ. ಇದು ಎರಡು ಮೂರು ವರ್ಷದ ಮೇಲೆ ಹೊರಬೀಳುವ ನಷ್ಟ. ಆಗ ಕಾರಣ ಯಾರಿಗೂ ಹೊಳೆಯುವುದಿಲ್ಲ.

ಬೇರೆ ಕಡೆಗಳಲ್ಲಿ ಆದದ್ದು

ಕ್ಲೌಡಿಗೆ ಹೋದ ಮೇಲೆ ಭಯವಿಲ್ಲವೇ ಎಂದರೆ, ಇದೆ. ಬಿ.ಎಂ.ಸಿ.ಯ ಕಂಪ್ರೆಸರು ಕೆಟ್ಟರೆ ನಾಲ್ಕೂ ಹಳ್ಳಿಯ ಹಾಲು ಒಟ್ಟಿಗೆ ಕೆಡುತ್ತದೆಯಲ್ಲವೇ? ಹಾಗೆಯೇ ಇದೂ.

2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದ ಒಂದು ದೊಡ್ಡ ಕಂಪ್ಯೂಟರ್ ಕೇಂದ್ರ ಬೆಂಕಿಗೆ ಆಹುತಿಯಾಯಿತು. ಬೇರೆ ಕಡೆ ಪ್ರತಿ ಇಟ್ಟವರು ಕೆಲಸ ಮುಂದುವರಿಸಿದರು. ಇಡದವರಲ್ಲಿ ಅನೇಕರ ಲೆಕ್ಕ ಹೋಯಿತು. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್ ನಗರದ ಸರ್ಕಾರಿ ಕೇಂದ್ರದಲ್ಲಿ ಬ್ಯಾಟರಿಯಿಂದ ಬೆಂಕಿ ಹತ್ತಿ 600ಕ್ಕೂ ಹೆಚ್ಚು ಸೇವೆಗಳು ನಿಂತವು. ಸರ್ಕಾರಿ ನೌಕರರು ಕಡತಗಳನ್ನು ಇಡುತ್ತಿದ್ದ ಒಂದು ಉಗ್ರಾಣಕ್ಕೆ ಹೊರಗೆ ಪ್ರತಿಯೇ ಇರಲಿಲ್ಲ. ಅದು ಪೂರ್ತಿ ನಾಶವಾಯಿತು. ಅಷ್ಟು ಮುಂದುವರಿದ ದೇಶಕ್ಕೂ ಎರಡನೆಯ ಪ್ರತಿಯ ಪಾಠ ತಪ್ಪಲಿಲ್ಲ.

ನಮ್ಮ ದೇಶದಲ್ಲಿ 2024ರ ಜುಲೈ ಕೊನೆಯಲ್ಲಿ ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳಿಗೆ ಸೇವೆ ಕೊಡುವ ಒಂದು ತಂತ್ರಜ್ಞಾನ ಕಂಪನಿಯ ಮೇಲೆ ಒತ್ತೆಹಣ ಕೇಳುವ ದಾಳಿ ನಡೆದು, ಸುಮಾರು 300 ಸಣ್ಣ ಬ್ಯಾಂಕುಗಳ ಹಣ ಪಾವತಿ ತಾತ್ಕಾಲಿಕವಾಗಿ ನಿಂತಿತು. ನಮ್ಮ ರಾಜ್ಯದಲ್ಲೇ 2025ರ ಜನವರಿಯಲ್ಲಿ ನೋಂದಣಿಯ ‘ಕಾವೇರಿ 2.0’ ವ್ಯವಸ್ಥೆಗೆ ದುರುದ್ದೇಶದಿಂದ ಸುಳ್ಳು ಬೇಡಿಕೆಗಳ ಹೊಳೆಯನ್ನೇ ಹರಿಸಿದ್ದರಿಂದ ಋಣಭಾರ ಪತ್ರ, ನೋಂದಣಿ ಕೆಲಸಗಳಿಗೆ ಅಡ್ಡಿಯಾಯಿತು.

ಇವನ್ನು ಹೇಳುವುದು ಹೆದರಿಸಲು ಅಲ್ಲ. ಕಾಲುಬಾಯಿ ಜ್ವರ ಇದೆ ಎಂದು ಯಾರೂ ಹಸು ಸಾಕುವುದನ್ನು ಬಿಡುವುದಿಲ್ಲ, ಆರು ತಿಂಗಳಿಗೊಮ್ಮೆ ಲಸಿಕೆ ಹಾಕಿಸುತ್ತೇವೆ. ಇಲ್ಲಿ ಲಸಿಕೆ ಎಂದರೆ ಎರಡನೆಯ ಪ್ರತಿ, ಅದೂ ಬೇರೆ ಊರಿನಲ್ಲಿ.

ಸದಸ್ಯರು ಮಾಡಬೇಕಾದದ್ದು

ಮೊದಲು: ಸಾಗಿಸುವ ದಿನ ಗೊತ್ತಾದ ಕೂಡಲೇ ಸಂಘಕ್ಕೆ ಹೋಗಿ ನಿಮ್ಮ ಸದಸ್ಯ ಸಂಖ್ಯೆ, ಹೆಸರು, ಬ್ಯಾಂಕ್ ಖಾತೆ, ಫೋನ್ ಸಂಖ್ಯೆ ಇವುಗಳ ಮುದ್ರಿತ ಪ್ರತಿ ಕೇಳಿ ಪಡೆಯಿರಿ. ತಪ್ಪಿದ್ದರೆ ಹಳೆಯ ಯಂತ್ರದಲ್ಲೇ ತಿದ್ದಿಸಿ. ತಪ್ಪನ್ನು ಹೊತ್ತುಕೊಂಡು ಹೊಸ ಮನೆಗೆ ಹೋಗಬೇಡಿ. ಹಸುಗಳ ಕಿವಿಯೋಲೆ ಸಂಖ್ಯೆ, ಕೊಡಿಸಿದ ದಿನ, ಲಸಿಕೆಯ ದಿನ ಇವನ್ನು ಒಂದು ನೋಟ್‌ಬುಕ್ಕಿನಲ್ಲಿ ತಿಂಗಳ ಹೆಸರು ಸಹಿತ ಅಕ್ಷರದಲ್ಲಿ ಬರೆದಿಡಿ. ‘10-06’ ಎಂದಲ್ಲ, ‘ಜೂನ್ 10’ ಎಂದು.

ಸಾಗಿಸುವಾಗ: ಒಂದು ಪೂರ್ಣ ಬಟವಾಡೆಯವರೆಗೆ ಹಳೆಯದೂ ಹೊಸದೂ ಎರಡೂ ನಡೆಯಬೇಕು. ಎರಡರ ಒಟ್ಟು ಲೀಟರು, ಒಟ್ಟು ಮೊತ್ತ, ಒಟ್ಟು ಸದಸ್ಯರ ಸಂಖ್ಯೆ ತಾಳೆಯಾದ ಮೇಲೆಯೇ ಹಳೆಯದನ್ನು ನಿಲ್ಲಿಸಬೇಕು. ಹಳೆಯ ಕಂಪ್ಯೂಟರನ್ನು ಆ ಕೂಡಲೇ ಗುಜರಿಗೆ ಕೊಡಬಾರದು.

ಆಮೇಲೆ: ಮೊದಲ ಎರಡು ಬಟವಾಡೆಗಳ ಹಾಲಿನ ಚೀಟಿಗಳನ್ನು ಒಂದೂ ಬಿಡದೆ ಇಟ್ಟುಕೊಳ್ಳಿ. ಪರದೆಯ ಮೊತ್ತಕ್ಕೆ ಹೋಲಿಸಿ. ವ್ಯತ್ಯಾಸ ಕಂಡರೆ ಬಾಯಿಮಾತಿನಲ್ಲಿ ಹೇಳಿ ಸುಮ್ಮನಾಗಬೇಡಿ. ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ.

ತಾಯಂದಿರಿಗೆ ಒಂದು ಮಾತು. ಸದಸ್ಯತ್ವ ನಿಮ್ಮ ಹೆಸರಿನಲ್ಲಿದೆ, ಹಾಲು ಕರೆಯುವುದು ನೀವು. ಆದರೆ ದಾಖಲೆಯಲ್ಲಿರುವ ಫೋನ್ ಸಂಖ್ಯೆ ಪಟ್ಟಣದಲ್ಲಿ ಕೆಲಸಕ್ಕಿರುವ ಮಗನದು. ಸಂದೇಶ ಅವನಿಗೆ ಹೋಗುತ್ತದೆ, ಅವನು ಸಂಜೆ ನೋಡಿದರೆ ನೋಡಿದ, ಇಲ್ಲದಿದ್ದರೆ ಇಲ್ಲ. ಹೊಸ ವ್ಯವಸ್ಥೆ ಬರುವಾಗ ನಿಮ್ಮ ಕೈಯಲ್ಲಿರುವ ಫೋನಿನ ಸಂಖ್ಯೆಯನ್ನೇ ಕೊಡಿ. ಚಿಕ್ಕ ಗುಂಡಿಯ ಫೋನಾದರೂ ಎಸ್.ಎಂ.ಎಸ್. ಬರುತ್ತದೆ. ಬಂದ ಓ.ಟಿ.ಪಿ.ಯನ್ನು ಮಾತ್ರ ಯಾರಿಗೂ ಹೇಳಬೇಡಿ. ಸಂಘದಿಂದ, ಒಕ್ಕೂಟದಿಂದ, ಬ್ಯಾಂಕಿನಿಂದ ಎಂದು ಯಾರೇ ಫೋನು ಮಾಡಿ ಕೇಳಿದರೂ ಹೇಳಬೇಡಿ. ಹೊಸ ವ್ಯವಸ್ಥೆ ಬರುವ ಹೊತ್ತೇ ಮೋಸಗಾರರಿಗೆ ಸುಗ್ಗಿ.

ಸರ್ವ ಸದಸ್ಯರ ಸಭೆಯಲ್ಲಿ ಕೇಳಬೇಕಾದ ಐದು ಪ್ರಶ್ನೆಗಳು

1. ನಮ್ಮ ಲೆಕ್ಕದ ಎರಡನೆಯ ಪ್ರತಿ ಯಾವ ಊರಿನಲ್ಲಿದೆ? ಅದನ್ನು ಕೊನೆಯ ಸಾರಿ ತೆರೆದು ನೋಡಿದ್ದು ಯಾವಾಗ?

2. ಈ ಲೆಕ್ಕ ಯಾರದು? ಸಂಘದ್ದು ಎಂದು ಕರಾರಿನಲ್ಲಿ ಬರೆದಿದೆಯೇ?

3. ನಾಳೆ ಕಂಪನಿ ಬದಲಿಸಬೇಕಾದರೆ ಲೆಕ್ಕವನ್ನು ಪೂರ್ತಿಯಾಗಿ, ಬೇರೆ ಕಂಪನಿ ಓದಬಲ್ಲ ರೂಪದಲ್ಲಿ ಹಿಂದಿರುಗಿಸುತ್ತಾರೆಯೇ? ಅದಕ್ಕೆ ಎಷ್ಟು ಹಣ?

4. ಸಂಪರ್ಕ ಕಡಿದ ದಿನ ಹಾಲು ತೆಗೆದುಕೊಳ್ಳುವುದು ನಿಲ್ಲುತ್ತದೆಯೇ, ಅಥವಾ ಯಂತ್ರ ತಾನೇ ಬರೆದಿಟ್ಟುಕೊಂಡು ಸಂಪರ್ಕ ಬಂದ ಮೇಲೆ ಕಳಿಸುತ್ತದೆಯೇ?

5. ನಮ್ಮ ಹೆಸರು, ಖಾತೆ, ಫೋನ್ ಸಂಖ್ಯೆಗಳನ್ನು ಬೇರೆ ಯಾರು ನೋಡಬಹುದು?

ಕೊನೆಯ ಪ್ರಶ್ನೆ ಕೇಳಲು ಕಾನೂನಿನ ಬಲವೂ ಬರುತ್ತಿದೆ. ವೈಯಕ್ತಿಕ ಮಾಹಿತಿಯ ರಕ್ಷಣೆಗಾಗಿ ಸಂಸತ್ತು 2023ರಲ್ಲಿ ಕಾಯ್ದೆ ಮಾಡಿದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಯಾಗುವಂತೆ ಏರ್ಪಾಡಾಗಿದೆ. ನಿಮ್ಮ ಮಾಹಿತಿಯನ್ನು ಯಾತಕ್ಕೆ ಬಳಸುತ್ತಾರೆ ಎಂದು ತಿಳಿಯುವ, ತಪ್ಪನ್ನು ತಿದ್ದಿಸುವ ಹಕ್ಕುಗಳು ಅದರಲ್ಲಿವೆ. ಹಾಲಿನ ಕಂಪನಿಗೋ, ಸಾಲದ ಕಂಪನಿಗೋ, ಮೇವಿನ ವ್ಯಾಪಾರಿಗೋ ನಿಮ್ಮ ಪಟ್ಟಿ ಹೋಗಬಾರದು.

ಈ ಪ್ರಶ್ನೆ ಕೇಳಿದರೆ ಕಾರ್ಯದರ್ಶಿಗಳು ಬೇಸರ ಮಾಡಿಕೊಳ್ಳಬಾರದು. ಸದಸ್ಯರೂ ಅವರನ್ನು ಕಟಕಟೆಯಲ್ಲಿ ನಿಲ್ಲಿಸಿದಂತೆ ಕೇಳಬಾರದು. ಬೆಳಗಿನ ಐದೂವರೆಗೆ ಬಾಗಿಲು ತೆಗೆದು, ತೂಕ ಹಾಕಿ, ಪರೀಕ್ಷೆ ಮಾಡಿ, ಲೆಕ್ಕ ಬರೆಯುವವರು ಅವರೇ. ಈ ಕೆಲಸದಲ್ಲಿ ಅವರಿಗೂ ನಿಮ್ಮ ಸಹಾಯ ಬೇಕು. ವೈಟ್‌ಫೀಲ್ಡಿನಲ್ಲಿ ಕೆಲಸ ಮಾಡುವ ನಿಮ್ಮ ಮನೆಯ ಹುಡುಗನನ್ನೋ ಹುಡುಗಿಯನ್ನೋ ಒಂದು ಭಾನುವಾರ ಸಂಘಕ್ಕೆ ಕರೆತನ್ನಿ. ಪರದೇಶದ ಲೆಕ್ಕವನ್ನು ಒಂದು ಅಂಕಿಯೂ ತಪ್ಪದಂತೆ ಸಾಗಿಸುವವರು ಅಪ್ಪ ಅಮ್ಮನ ಹಾಲಿನ ಲೆಕ್ಕವನ್ನು ತಾಳೆ ನೋಡಲು ಎರಡು ಗಂಟೆ ಕೊಡಲಾರರೇ? ಈ ಊರಿಗಿರುವಷ್ಟು ಅನುಕೂಲ ದೂರದ ಹಳ್ಳಿಯ ಸಂಘಗಳಿಗೆ ಇಲ್ಲ. ಬಳಸಿಕೊಳ್ಳಿ.

ಯಂತ್ರ ಎಲ್ಲೇ ಇರಲಿ, ಹಾಲು ನಿಮ್ಮದು, ಹಸು ನಿಮ್ಮದು, ಲೆಕ್ಕವೂ ನಿಮ್ಮದು. ಎಣಿಸಿ ಕಳಿಸಿ, ಎಣಿಸಿ ಇಳಿಸಿಕೊಳ್ಳಿ.

 ಸಂಜೆಯ ಹಾಲಿನ ಹೊತ್ತಾಯಿತು. ಹಸುಗಳ ವಿಚಾರವಾಗಿ ಪ್ರಶ್ನೆಗಳಿದ್ದವರು ಸಂಘದ ಮುಂದೆ ಸಿಗಿ, ಅಲ್ಲೇ ಮಾತಾಡೋಣ.